ನಮ್ಮ ಸಾಹೇಬರನ್ನು ನಡೆಸಿದ ಕಥೆ

ವ್ಯಾಯಾಮ ವಿಜ್ಞಾನ ಮತ್ತು ಆರೋಗ್ಯ ಪ್ರಚಾರ ಎಂಬ ಉದ್ದ ಹೆಸರಿನ ವಿಷಯದಲ್ಲಿ ಎಂ.ಎಸ್ಸಿ. ಮಾಡಲು ಹೊರಟಿರುವ ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ: ನೀವು ಏನು ಓದುತ್ತಿದ್ದೀರಿ ಎಂಬುದು ನಿಮ್ಮ ಮನೆಯವರಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ನಾನು ಹೊಸಪೇಟೆಯಲ್ಲಿ ಈ ವಿಷಯ ಕಲಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡು ಹೋದ ವರ್ಷ ನಿವೃತ್ತಳಾದೆ. ಕಂಪ್ಲಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮಪ್ಪ ಮಾತ್ರ ಇರುವ ತನಕ ಗಿರಾಕಿಗಳಿಗೆಲ್ಲ, "ನಮ್ಮ ಸುಮಂಗಲಾ ಕಾಲೇಜಿನಾಗ ಡ್ರಿಲ್ ಟೀಚರ್ ಅದಾಳ್ರಿ" ಎಂದೇ ಹೇಳುತ್ತಿದ್ದರು. ಅವ್ವ ಅವರಿಗಿಂತ ಜೋರು. "ದೊಡ್ಡ ದೊಡ್ಡ ಮಂದೀಗೆ ನಡಿಯಾಕ ಕಲಸ್ತಾಳಂತ. ಸಣ್ಣಾವಿದ್ದಾಗ ಅವ್ರವ್ವಂದಿರು ಕಲಿಸಿದ್ದಿಲ್ಲೇನು?" ಎಂದು ಕೇಳಿ ಬೀದಿಯನ್ನೇ ನಗಿಸುತ್ತಿದ್ದಳು.

ನನ್ನ ಸರ್ವಿಸಿನಲ್ಲಿ ನೆನಪಿಡುವಂಥ ಕೆಲಸ ಯಾವುದು ಎಂದು ಈಗ ಯಾರಾದರೂ ಕೇಳಿದರೆ, ಒಬ್ಬ ದೊಡ್ಡ ಮನುಷ್ಯರನ್ನು ನಡೆಸಿದ್ದು ಎಂದೇ ಹೇಳಬೇಕಾಗುತ್ತದೆ. ಆ ದೊಡ್ಡ ಮನುಷ್ಯರು ನಮ್ಮ ವಿಭಾಗದ ಮುಖ್ಯಸ್ಥರು. ನಡೆಸಿದ್ದೂ ನಾನಲ್ಲ, ನನ್ನ ವಿದ್ಯಾರ್ಥಿನಿ ರೇಣುಕಾ. ನಾನು ಹಿಂದಿನಿಂದ ನೀರಿನ ಬಾಟಲಿ ಹಿಡಿದುಕೊಂಡು ಹೋದವಳು.

ನಾನು ಸೇರಿದ ಹೊಸದರಲ್ಲಿ ನಮ್ಮ ಪ್ರಯೋಗಾಲಯದಲ್ಲಿದ್ದದ್ದು ಒಂದು ಮರದ ಬೆಂಚು, ಒಂದು ಸ್ಟಾಪ್‌ವಾಚು. ವಿದ್ಯಾರ್ಥಿ ಒಂದೇ ಲಯದಲ್ಲಿ ಬೆಂಚು ಹತ್ತಿ ಇಳಿಯಬೇಕು, ನಿಂತ ಮೇಲೆ ನಾಡಿ ನೋಡಬೇಕು. ಲಯಕ್ಕೆ ಟಿಕ್ ಟಿಕ್ ಎನ್ನುವ ಯಂತ್ರ ಬೆಂಗಳೂರಿನಿಂದ ಬರಬೇಕಿತ್ತು, ಬರಲೇ ಇಲ್ಲ. ಎಮ್ಮಿಗನೂರಿನ ಒಬ್ಬ ವಿದ್ಯಾರ್ಥಿ ತಮಟೆಯಂಥ ಹಲಗೆ ಬಾರಿಸುತ್ತಾನೆ ಎಂದು ತಿಳಿದು ಅವನನ್ನೇ ಕೂರಿಸಿದೆ. ಶುರುವಿನಲ್ಲಿ ಗಡಿಯಾರದಂತೆ ಬಾರಿಸಿದ. ಸ್ವಲ್ಪ ಹೊತ್ತಿಗೆ ಕೈ ಬಿಸಿಯಾಯಿತು, ಹುರುಪು ಬಂತು, ಬೆಂಚಿನ ಮೇಲಿದ್ದ ಹುಡುಗಿ ಏದುಸಿರು ಬಿಡುತ್ತ "ಸಾಕ್ ಮಾಡೋ ಮಾರಾಯಾ" ಎಂದು ಕೂಗಿದಳು, ಉಳಿದವರು ಕುಣಿಯತೊಡಗಿದರು. ಬಾಗಿಲಲ್ಲಿ ನಮ್ಮ ಸಾಹೇಬರು ನಿಂತಿದ್ದರು.

"ಮೇಡಂ, ಇದು ಲ್ಯಾಬೋ, ಮೊಹರಮ್ಮೋ?"

ಸಾಹೇಬರು ಎಂದರೆ ಡಾ. ಸಿದ್ದಲಿಂಗಪ್ಪನವರು. ಹೃದಯದ ಪಾಠವನ್ನು ಅವರ ಹಾಗೆ ಮಾಡುವವರನ್ನು ನಾನು ಮತ್ತೆ ನೋಡಲಿಲ್ಲ. ಎರಡೂ ಕೈಯಲ್ಲಿ ಸೀಮೆಸುಣ್ಣ ಹಿಡಿದು ಬಲಗಡೆಯದನ್ನೂ ಎಡಗಡೆಯದನ್ನೂ ಒಟ್ಟಿಗೇ ಬರೆದುಬಿಡುತ್ತಿದ್ದರು. ಬರೆದು ಮುಗಿಸಿ ಕೂತರೆಂದರೆ ಆ ದಿನದ ಅವರ ವ್ಯಾಯಾಮ ಮುಗಿದಂತೆ. ಮನೆ ನಮ್ಮ ಕಟ್ಟಡದ ಹಿಂದಿನ ಬೀದಿಯಲ್ಲೇ ಇತ್ತು, ಆದರೂ ಕಾರಿನಲ್ಲೇ ಬರುತ್ತಿದ್ದರು. ಕಾರಿಗೆ ದಾರಿ ಸುತ್ತಾಗುತ್ತಿದ್ದರಿಂದ, ಕಾಲ್ನಡಿಗೆಯಲ್ಲಿ ಹೊರಟ ಜವಾನ ಅವರಿಗಿಂತ ಮೊದಲೇ ಬಂದು ಬಾಗಿಲು ತೆಗೆದಿರುತ್ತಿದ್ದ. ಸಂಜೆಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ. ಮಿರ್ಚಿ ತಿನ್ನುತ್ತಲೇ ಕೊಬ್ಬು ರಕ್ತನಾಳದಲ್ಲಿ ಹೇಗೆ ಕೂರುತ್ತದೆ ಎಂದು ನಮಗೆ ವಿವರಿಸುತ್ತಿದ್ದರು.

ಮುಂದೆ ವಿಭಾಗಕ್ಕೆ ಟ್ರೆಡ್‌ಮಿಲ್ ಬಂತು. ಸಾಹೇಬರು ಅದಕ್ಕೆ ಕುಂಕುಮ ಹಚ್ಚಿಸಿ, ಕಾಯಿ ಒಡೆಸಿ, ಪ್ಲಾಸ್ಟಿಕ್ ಹೊದಿಸಿ ಇಟ್ಟರು. ಕೆಟ್ಟರೆ ರಿಪೇರಿಯವನು ಸಿಗುವುದಿಲ್ಲ ಎಂಬುದು ಅವರ ವಾದ. ಯಂತ್ರ ಮೂಲೆಯಲ್ಲಿ ಮುಸುಕು ಹಾಕಿಕೊಂಡು ಕೂತಿರುತ್ತಿತ್ತು, ಅದರ ಎದುರಿಗೇ ಬೋರ್ಡಿನ ಮೇಲೆ ಅದರ ಚಿತ್ರ ಬರೆದು ಪಾಠ ಮಾಡುತ್ತಿದ್ದರು. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ನಮ್ಮ ಮಕ್ಕಳು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದರು. ಒತ್ತಿದವರು ಯಾರೂ ಇರಲಿಲ್ಲ.

ಇಂಥ ವಿಭಾಗಕ್ಕೆ ರೇಣುಕಾ ಬಂದಳು. ಪಾಪಿನಾಯಕನಹಳ್ಳಿಯವಳು. ತಂದೆ ತಾಯಿ ಇಬ್ಬರೂ ಹೊಲದ ಕೂಲಿಗೆ ಹೋಗುವವರು, ಬೌದ್ಧ ಕುಟುಂಬ. ವಾಲಿಬಾಲ್ ಆಡಿ ಆಡಿ ಗಟ್ಟಿಯಾದ ಮೈ, ಅದಕ್ಕಿಂತ ಗಟ್ಟಿಯಾದ ಬಾಯಿ. ಎರಡನೆಯ ವರ್ಷದ ಪ್ರಬಂಧಕ್ಕೆ ಅವಳು ಆರಿಸಿಕೊಂಡ ವಿಷಯ, ಹೃದಯಾಘಾತವಾಗಿ ಮನೆಗೆ ಮರಳಿದವರನ್ನು ಸ್ವಲ್ಪ ಸ್ವಲ್ಪವಾಗಿ ನಡೆಸುವುದು. ಊರಿನ ಹೃದಯ ವೈದ್ಯರೊಬ್ಬರು ರೋಗಿಗಳನ್ನು ಕಳಿಸಿಕೊಡಲು ಒಪ್ಪಿದ್ದರು. ಮಾರ್ಗದರ್ಶಕಿ ನಾನು. ಒಪ್ಪಿಗೆಗೆ ಇಬ್ಬರೂ ಸಾಹೇಬರ ಮುಂದೆ ಹೋಗಿ ನಿಂತೆವು.

"ಬ್ಯಾಡವಾ," ಎಂದರು ಸಾಹೇಬರು. "ನಡಿಯೋ ಹೊತ್ತಿನಾಗ ಅವ್ರಿಗೆ ಏನರ ಆತಂದ್ರ? ಕಬಡ್ಡಿ ಹುಡುಗೂರ ತೊಡಿ ಅಳತಿ ತಗಂಡು ಬರಿ. ಜಲ್ದಿ ಮುಗೀತೈತಿ."

"ಕಬಡ್ಡಿ ಹುಡುಗೂರ ತೊಡಿ ಆಗ್ಲೇ ಭಾಳ ಮಂದಿ ಅಳದಾರ್ರಿ ಸರ್," ಎಂದಳು ರೇಣುಕಾ. "ಇನ್ನ ಅಳದ್ರ ಸವದು ಹೋಗ್ತಾವು."

ನಗು ತಡೆಯಲಾರದೆ ಸಾಹೇಬರು ಸಹಿ ಹಾಕಿದರು.

ಆ ವರ್ಷದ ದಸರೆ ರಜೆ ಮುಗಿದ ಮೇಲೆ ಒಂದು ಮಧ್ಯಾಹ್ನ ಸಾಹೇಬರ ಕೋಣೆಯಲ್ಲಿ ಸಭೆ ನಡೆದಿತ್ತು. ಮಾತಾಡುತ್ತಿದ್ದ ಸಾಹೇಬರು ನಿಲ್ಲಿಸಿ ಎದೆ ಒತ್ತಿಕೊಂಡರು. ಹಣೆಯ ತುಂಬ ಬೆವರು, ಎಡಗೈ ಭಾರವೆಂದು ಮೇಜಿನ ಮೇಲೆ ಇಟ್ಟುಕೊಂಡರು. ನಾನು ಗಾಬರಿಯಿಂದ ಎದ್ದೆ.

"ಗ್ಯಾಸ್ ಮೇಡಂ," ಎಂದರು. "ಒಂದು ಸೋಡಾ ತರಸ್ರಿ."

ಯಾವುದೋ ಕಾಗದಕ್ಕೆ ಸಹಿ ಕೇಳಲು ಬಂದಿದ್ದ ರೇಣುಕಾ ಬಾಗಿಲಲ್ಲೇ ನಿಂತು ಅವರ ಮುಖ ನೋಡಿದಳು. "ಸರ್, ಏಳಬ್ಯಾಡ್ರಿ" ಎಂದವಳೇ ಹೊರಗೆ ಓಡಿ ಸಾಹೇಬರ ಡ್ರೈವರ್ ಬಸವರಾಜನಿಗೆ ಕಾರು ತೆಗೆಯಲು ಕೂಗಿ ಹೇಳಿ, ವಾಲಿಬಾಲ್ ಹುಡುಗರನ್ನು ಕರೆತಂದಳು. ಅವರು ಸಾಹೇಬರನ್ನು ಕುರ್ಚಿ ಸಮೇತ ಎತ್ತಿಕೊಂಡು ಮೆಟ್ಟಿಲಿಳಿದರು. ಪಲ್ಲಕ್ಕಿಯಲ್ಲಿ ಕೂತಂತೆ ಕೂತು ಸಾಹೇಬರು ದಾರಿಯುದ್ದಕ್ಕೂ ವಾದ ಮಾಡಿದರು: "ಎದಿ ನೋವಲ್ಲ ಇದು. ಇದರ ಲಕ್ಷಣ ನನಗ ಗೊತ್ತಿಲ್ಲೇನು? ಕಲಿಸಾಂವ ನಾನು!"

ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ವೈದ್ಯರು. ಮನೆಗೆ ಕಳಿಸುವಾಗ ನಡೆಯಬೇಕೆಂದು ಹೇಳಿ, ನಡೆಸಲು ರೇಣುಕಾಳ ಹೆಸರು ಬರೆದುಕೊಟ್ಟರು. ತಾವೇ ಬೇಡವೆಂದಿದ್ದ ಪ್ರಬಂಧಕ್ಕೆ ತಾವೇ ರೋಗಿಯಾಗುವ ಸಂಕಟ ನಮ್ಮ ಸಾಹೇಬರಿಗೆ! ಒಂದು ಷರತ್ತಿನ ಮೇಲೆ ಒಪ್ಪಿದರು: ಹೆಸರು ಯಾರಿಗೂ ಹೇಳಬಾರದು. ನಮ್ಮ ವಿಷಯದಲ್ಲಿ ಯಾವ ರೋಗಿಯ ಹೆಸರನ್ನೂ ಹೇಳುವುದಿಲ್ಲ. ಪ್ರಬಂಧದಲ್ಲಿ ಅವರು 'ರೋಗಿ ನಾಲ್ಕು' ಆದರು.

ರೇಣುಕಾ ತನ್ನ ರೋಗಿಗಳಿಗೆಲ್ಲ ಹೆಜ್ಜೆ ಎಣಿಸುವ ಕೈಪಟ್ಟಿ ಕಟ್ಟಿಸಿದ್ದಳು. ಯಾರು ಯಾವಾಗ ಎಷ್ಟು ನಡೆದರೆಂಬುದು ಅವಳ ಫೋನಿನಲ್ಲಿ ಬರುತ್ತಿತ್ತು. ರೋಗಿ ನಾಲ್ಕು ಕೆಲಸಕ್ಕೆ ಮರಳಿದ ಮೇಲೆ ಎಲ್ಲರಿಗಿಂತ ಮುಂದಿದ್ದರು. ನಾನೂ ಖುಷಿಪಟ್ಟೆ. ಒಂದು ದಿನ ಸಾಹೇಬರ ಕೋಣೆಯಲ್ಲಿ ಉದ್ದನೆಯ ಸಭೆ ಮುಗಿಸಿಕೊಂಡು ಬರುತ್ತಿದ್ದಂತೆ ರೇಣುಕಾ ಫೋನ್ ಹಿಡಿದು ನನ್ನ ಮುಂದೆ ನಿಂತಳು.

"ಮೇಡಂ, ಸರ್ ಇಷ್ಟೊತ್ತು ಎಲ್ಲಿದ್ರು?"

"ನನ್ನ ಎದುರಿಗೇ ಕೂತಿದ್ರು. ಅಲ್ಲಾಡಲಿಲ್ಲ."

"ಅಲ್ಲಾಡಿಲ್ಲೇನ್ರಿ? ಇದರಾಗ ಭಾಳ ಜೋರ್ ನಡಿಯಾಕತ್ತಾರ. ಇನ್ನೂ ನಿಂತಿಲ್ಲ."

ಇಬ್ಬರೂ ಕಿಟಕಿಯಿಂದ ನೋಡಿದೆವು. ಕೆಳಗೆ ಮೈದಾನದಲ್ಲಿ ಡ್ರೈವರ್ ಬಸವರಾಜ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ದಾಪುಗಾಲಿನಲ್ಲಿ ಸುತ್ತು ಹಾಕುತ್ತಿದ್ದ. ಮುಂಗೈಯಲ್ಲಿ ಸಾಹೇಬರ ಪಟ್ಟಿ.

ಕೆಳಗಿಳಿದು ಹೋಗಿ, "ಏನೋ ಬಸವರಾಜ ಇದು?" ಎಂದು ಕೇಳಿದೆ.

"ಸಾಹೇಬ್ರ ವಾಕಿಂಗ್ ಮಾಡಾಕತ್ತೀನ್ರಿ."

"ಅವರ ವಾಕಿಂಗ್ ನೀನು ಮಾಡೋದೇನೋ?"

"ಡ್ಯೂಟಿ ಐತ್ರಿ ಮೇಡಂ." ಆಮೇಲೆ ತುಸು ನಾಚಿಕೊಂಡು, "ಖರೇ ಹೇಳ್ಬೇಕಂದ್ರ ನನಗ ಭಾಳ ಚಲೋ ಆಗೇತ್ರಿ. ಹೊಟ್ಟಿ ಇಳದೈತಿ. ಪ್ಯಾಂಟು ಜಾರಾಕತ್ಯಾವು. ದಯವಿಟ್ಟು ನಿಲ್ಲಸಬ್ಯಾಡ್ರಿ" ಎಂದ.

ನಾನು ನಗುತ್ತಾ ಮೈದಾನದ ಕಟ್ಟೆಯ ಮೇಲೆ ಕೂತುಬಿಟ್ಟೆ. ರೇಣುಕಾ ನಗಲಿಲ್ಲ. ಬಸವರಾಜನ ಕೈಯಿಂದ ಪಟ್ಟಿ ಬಿಚ್ಚಿಸಿಕೊಂಡು, "ಸಂಜೀಕ ಸರ್ ಮನೀಗೆ ಹೋಗೂಣ್ರಿ ಮೇಡಂ" ಎಂದಳು.

ಹೋದೆವು. ಪಡಸಾಲೆಯಲ್ಲಿ ಸಾಹೇಬರ ವಯಸ್ಸಾದ ತಾಯಿ ಕೂತಿದ್ದರು. ನನ್ನನ್ನು ಗುರುತಿಸಿ, ಹಿಂದಿದ್ದ ರೇಣುಕಾಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಯಾರ ಪೈಕಿಯವಾ ನೀನು?"

ನಮ್ಮ ಕಡೆ ಈ ಪ್ರಶ್ನೆಗೆ ಎಷ್ಟು ಭಾರವಿದೆ ಎಂಬುದು ನಿಮಗೂ ಗೊತ್ತು. ಉತ್ತರ ಕೇಳಿದ ಮೇಲೆ ಒಳಗೆ ಕರೆಯುತ್ತಾರೋ, ಅಲ್ಲೇ ಕೂರಿಸುತ್ತಾರೋ ಎಂಬುದು ನಿರ್ಧಾರವಾಗುತ್ತದೆ.

"ನಾನು ಹಾರ್ಟ್ ಪೈಕಿ ಅಜ್ಜಿ," ಎಂದಳು ರೇಣುಕಾ. "ನಿಮ್ಮ ಮಗನ ಹಾರ್ಟ್ ನೋಡಾಕ ಬಂದೀನಿ."

ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕರು. "ಹಂಗಾರ ಒಳಗ ಬಾ. ಅವಗ ಅದು ಐತೋ ಇಲ್ಲೋ ನೋಡು ಮೊದ್ಲು!"

ಒಳಗೆ ಸಾಹೇಬರು ಟೀವಿ ಮುಂದೆ ಕೂತಿದ್ದರು. ರೇಣುಕಾ ಪಟ್ಟಿಯನ್ನು ಟೀಪಾಯಿಯ ಮೇಲೆ ಇಟ್ಟಳು.

"ಬಸವರಾಜಣ್ಣನ ಹಾರ್ಟ್ ಮಸ್ತ್ ಐತ್ರಿ ಸರ್. ನಿಮ್ದು ಹೆಂಗೈತಿ?"

ಗದರಿಸುತ್ತಾರೆ ಎಂದುಕೊಂಡೆ. ಸಾಹೇಬರು ಟೀವಿ ಆರಿಸಿದರು. ಆರಿದ ಪರದೆಯನ್ನೇ ನೋಡುತ್ತ, ಪಡಸಾಲೆಯಲ್ಲಿದ್ದ ತಾಯಿಗೆ ಕೇಳಿಸದ ಹಾಗೆ ಮಾತಾಡಿದರು.

"ಹೆದ್ರಿಕಿವಾ. ನಾಕು ಹೆಜ್ಜಿ ಇಟ್ರ ದಬದಬ ಅಂತೈತಿ. ಈಗ ನಿಂತೀತು, ಈಗ ನಿಂತೀತು ಅಂತ ಕೇಳಿಸ್ಕೋತ ನಿಂತುಬಿಡ್ತೀನಿ. ಬಚ್ಚಲಕ್ಕ ಹೋಗಾಕೂ ಗೋಡಿ ಹಿಡಕಂತೀನಿ. ಇಷ್ಟು ವರ್ಷ ಅದರ ಪಾಠ ಮಾಡೀನಲ್ಲ, ಒಂದೂ ನೆಪ್ಪಿಗೆ ಬರಂಗಿಲ್ಲ."

ಇವರನ್ನು ಮಿರ್ಚಿ, ಕಾರು, ಕುರ್ಚಿ ಎಂದು ಅಷ್ಟು ವರ್ಷ ಸ್ಟಾಫ್ ರೂಮಿನಲ್ಲಿ ಆಡಿಕೊಂಡವರು ನಾವು. ಆ ಮಾತು ಕೇಳಿ ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ರೇಣುಕಾ ಪಾಠ ಹೇಳಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. ಮಣೆ ಎಳೆದುಕೊಂಡು ಅವರ ಎದುರು ಕೂತಳು.

"ನಾಳಿ ಬೆಳಿಗ್ಗಿ ನಾನು ಜೊತಿಗೆ ಬರ್ತೀನ್ರಿ. ನಿಮ್ಮ ಮುಂಗೈ ನನ್ನ ಕೈಯಾಗ ಇರಲಿ. ಬಡಿಯೋದನ್ನ ನೀವು ಕೇಳಬ್ಯಾಡ್ರಿ. ನಾ ಕೇಳ್ತೀನಿ. ನೀವು ಸುಮ್ನ ನಡೀರಿ."

ಹೊಸಪೇಟೆಯಲ್ಲಿ ನಡೆದರೆ ಹೆಜ್ಜೆಗೊಬ್ಬ ಹಳೆಯ ವಿದ್ಯಾರ್ಥಿ ಎದುರಾಗುತ್ತಾನೆ ಎಂದು ಸಾಹೇಬರು ಹಂಪಿಗೆ ಹೋಗೋಣ ಎಂದರು. ಅಲ್ಲಿ ಎಲ್ಲರೂ ಕಲ್ಲು ನೋಡುತ್ತಾರೆ, ಮನುಷ್ಯರನ್ನು ಯಾರು ನೋಡುತ್ತಾರೆ! ಹೀಗೆ ನಮ್ಮ ಸವಾರಿ ಬೆಳಗಿನ ಹೊತ್ತು ವಿರೂಪಾಕ್ಷನ ಗುಡಿಯ ಮುಂದಿನ ಬಜಾರಿಗೆ ಹೊರಟಿತು. ಮುಂದೆ ಸಾಹೇಬರು, ಅವರ ಮುಂಗೈ ಹಿಡಿದು ರೇಣುಕಾ, ಹಿಂದೆ ನಾನು, ನನ್ನ ಹಿಂದೆ ಸ್ವಂತ ಆರೋಗ್ಯಕ್ಕಾಗಿ ಬಸವರಾಜ.

ಮೊದಲ ದಿನ ಒಂದೆರಡು ಮಂಟಪ ದಾಟುವುದರಲ್ಲಿ ಸಾಹೇಬರು ನಿಂತರು. ಮುಖ ಬಿಳಿಚಿಕೊಂಡಿತ್ತು.

"ಹೆಂಗೈತಿ?" ಎಂದರು.

"ಚಲೋ ಐತ್ರಿ. ಹೊಸ ಎತ್ತಿನಂಗ ಒಂಚೂರು ಗಡಿಬಿಡಿ ಮಾಡ್ತೈತಿ, ಅಷ್ಟ. ಕುಂದ್ರಿ."

ಅಲ್ಲೇ ಕಲ್ಲಿನ ಮೇಲೆ ಕೂತರು. ಅಷ್ಟರಲ್ಲಿ ಒಬ್ಬ ಬಂದು "ಸರ್, ಗೈಡ್ ಬೇಕೇನ್ರಿ?" ಎಂದ.

"ಬ್ಯಾಡಪ್ಪ," ಎಂದಳು ರೇಣುಕಾ. "ಇವ್ರಿಗೆ ನಾನೇ ಗೈಡ್."

ಪ್ರಬಂಧಕ್ಕೆ ಗೈಡ್ ನಾನು ಎಂಬುದನ್ನು ಆ ಹೊತ್ತಿನಲ್ಲಿ ನೆನಪಿಸಲು ಹೋಗಲಿಲ್ಲ.

ದಿನಗಳೆದಂತೆ ಕೂರುವ ಕಲ್ಲು ಮುಂದೆ ಮುಂದೆ ಹೋಯಿತು. ಬಜಾರಿನ ಆ ತುದಿಯ ದೊಡ್ಡ ಕಲ್ಲು ಬಸವಣ್ಣನನ್ನು ಮುಟ್ಟಿದ ದಿನ ಸಾಹೇಬರು ಅದರ ಎದುರು ನಿಂತು ಬಂದ ದಾರಿಯನ್ನು ತಿರುಗಿ ನೋಡಿದರು. ಆಮೇಲೆ ರೇಣುಕಾಳ ಕಡೆ ತಿರುಗಿ, "ನೀನು ಕೈ ಬಿಟ್ಟು ಎಷ್ಟೊತ್ತಾತು?" ಎಂದು ಕೇಳಿದರು.

"ಆಗ್ಲೇ ಬಿಟ್ಟೀನ್ರಿ. ನೀವು ಮಾತಿನಾಗ ಇದ್ರಿ."

ಚಳಿಗಾಲ ಮುಗಿಯುವ ಹೊತ್ತಿಗೆ ಹೇಮಕೂಟ ಗುಡ್ಡದ ಏರನ್ನು ನಿಧಾನಕ್ಕೆ ಹತ್ತತೊಡಗಿದರು. ಅಷ್ಟೇ ಅಲ್ಲ, ಹಿಂದೆ ಬಿದ್ದ ನನ್ನನ್ನು ನಿಂತು ನೋಡಿ, "ಏನ್ರಿ ಮೇಡಂ, ವ್ಯಾಯಾಮ ವಿಜ್ಞಾನದವರು ನೀವು" ಎಂದು ಛೇಡಿಸಿದರು. ಆ ಮಾತು ಅವರ ಬಾಯಿಂದ ಕೇಳುವ ಕಾಲವೂ ಬಂತಲ್ಲ ಎಂದುಕೊಂಡು ಹತ್ತಿದೆ.

ಬೇಸಿಗೆಗೆ ಪ್ರಬಂಧ ಸಿದ್ಧವಾಯಿತು. ಅದರಲ್ಲಿ ರೇಣುಕಾ ಇದ್ದದ್ದನ್ನು ಇದ್ದಂತೆ ಬರೆದಿದ್ದಳು: ರೋಗಿ ನಾಲ್ಕರ ಕೈಪಟ್ಟಿ ಮೊದಲ ಕೆಲವು ವಾರ ಬೇರೊಬ್ಬರ ಕೈಯಲ್ಲಿತ್ತು, ಆದ್ದರಿಂದ ಆ ಅವಧಿಯ ಅಂಕಿಗಳನ್ನು ಬಿಟ್ಟಿದೆ. ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು.

"ಈ ಸಾಲೊಂದು ತಗೀವಾ. ಯಾರು ಕೇಳ್ತಾರ ಇದನ್ನ?"

"ತಗದ್ರ ಬಸವರಾಜಣ್ಣಗ ಸ್ಟೆಂಟ್ ಹಾಕ್ಯಾರಂತ ಬರೀಬೇಕಾಗ್ತೈತ್ರಿ ಸರ್."

ಸಾಲು ಉಳಿಯಿತು.

ಮೌಖಿಕ ಪರೀಕ್ಷೆಗೆ ಬೇರೆ ವಿಶ್ವವಿದ್ಯಾಲಯದಿಂದ ಒಬ್ಬ ಪ್ರಾಧ್ಯಾಪಕರು ಬಂದರು. ದಕ್ಷಿಣದ ಕಡೆಯವರು, ಕಟ್ಟುನಿಟ್ಟಿನ ಮನುಷ್ಯ. ವಿಭಾಗದ ಮುಖ್ಯಸ್ಥರೆಂದು ಸಾಹೇಬರೇ ಅಧ್ಯಕ್ಷರ ಕುರ್ಚಿಯಲ್ಲಿ ಕೂರಬೇಕಿತ್ತು. ಇದೊಂದಕ್ಕೆ ಬೇರೆಯವರನ್ನು ಕೂರಿಸಿ ಎಂದು ನಾನು ಅವರನ್ನು ಬೇಡಿಕೊಂಡಿದ್ದೆ. ಆದರೆ ಹಾಗೆ ಬಿಟ್ಟುಕೊಡಲು ಕಾರಣ ಬರೆದು ಕೊಡಬೇಕಲ್ಲ, ಏನೆಂದು ಬರೆಯುತ್ತಾರೆ?

ಪರೀಕ್ಷಕರು ಪುಟ ತಿರುಗಿಸುತ್ತ ತಿರುಗಿಸುತ್ತ ಒಂದು ಕಡೆ ನಿಂತರು. "ಈ ರೋಗಿ ನಾಲ್ಕು ಶುದ್ಧ ಸುಳ್ಳುಗಾರ ಕಣಮ್ಮ."

ಪಕ್ಕದಲ್ಲಿ ಸಾಹೇಬರು ನೀರು ಕುಡಿದರು.

"ಮೊದಲು ಮೋಸ ಮಾಡಿದ್ದಾನೆ. ಆಮೇಲೆ ನೋಡಿದರೆ ಎಲ್ಲರಿಗಿಂತ ಹೆಚ್ಚು ಸುಧಾರಿಸಿದ್ದಾನೆ. ಇದನ್ನು ಹೇಗೆ ನಂಬೋದು? ಮತ್ತೆ ಯಾರ ಕೈಗೋ ಕಟ್ಟಿರಬಹುದು. ಇವನನ್ನು ಕೈಬಿಟ್ಟು, ಬೇರೆ ರೋಗಿಯನ್ನು ಹುಡುಕಿ, ಪೂರ್ತಿ ಇನ್ನೊಂದು ಸಲ ಮಾಡಿ ತಾ. ಮುಂದಿನ ವರ್ಷ ನೋಡೋಣ."

ರೇಣುಕಾಳ ಮುಖ ಇಳಿಯಿತು. ಸಂಡೂರಿನ ಒಂದು ಆಸ್ಪತ್ರೆಯವರು ಅವಳಿಗೆ ಕೆಲಸ ಕೊಡುವುದಾಗಿ ಹೇಳಿದ್ದರು, ಈ ವರ್ಷ ಪದವಿ ಕೈಗೆ ಬಂದರೆ ಮಾತ್ರ. ಅವಳನ್ನು ಇನ್ನೊಂದು ವರ್ಷ ಓದಿಸುವ ಶಕ್ತಿ ಮನೆಯಲ್ಲಿ ಇರಲಿಲ್ಲ.

"ಆಮ್ಯಾಲಿಂದೆಲ್ಲಾ ನಾನೇ ಜೊತಿಗೆ ನಡದೀನ್ರಿ ಸರ್. ನಾನೇ ನಾಡಿ ಹಿಡದೀನಿ."

"ಹಾಗಾದರೆ ಅವರು ಯಾರು ಅಂತ ಹೇಳು. ನಾನೇ ಫೋನ್ ಮಾಡಿ ವಿಚಾರಿಸ್ತೀನಿ."

"ಹೆಸರು ಹೇಳಂಗಿಲ್ರಿ. ಹೇಳಲ್ಲಂತ ಮಾತು ಕೊಟ್ಟೀನಿ."

"ಪದವಿ ಹೋದರೂ?"

"ಹೋದ್ರೂ ರಿ."

ಆ ಮಾತು ನನ್ನನ್ನೂ ಕಟ್ಟಿಹಾಕಿತ್ತು. ಹೇಳಬಲ್ಲವರು ಕೋಣೆಯಲ್ಲಿ ಒಬ್ಬರೇ. ಅವರ ಕಡೆ ನೋಡಿದೆ. ಸಾಹೇಬರು ತಲೆಯೆತ್ತಿ ಫ್ಯಾನನ್ನು ನೋಡುತ್ತಿದ್ದರು. ಅಷ್ಟು ಶ್ರದ್ಧೆಯಿಂದ ಫ್ಯಾನನ್ನು ನೋಡಿದ ಮನುಷ್ಯರನ್ನು ನಾನು ಕಂಡಿಲ್ಲ. ಪರೀಕ್ಷಕರು ನಿಟ್ಟುಸಿರುಬಿಟ್ಟು ಪೆನ್ನಿನ ಮುಚ್ಚಳ ತೆಗೆದರು.

"ಬರೀಬ್ಯಾಡ್ರಿ," ಎಂದರು ಸಾಹೇಬರು. "ಆ ಸುಳ್ಳುಗಾರ ನಾನೇ."

ತಮಾಷೆ ಎಂದುಕೊಂಡು ಪರೀಕ್ಷಕರು ನಕ್ಕರು.

"ನಗಬ್ಯಾಡ್ರಿ. ಡ್ರೈವರ್ ಕೈಗೆ ಪಟ್ಟಿ ಕಟ್ಟಿದಾಂವ ನಾನು. ಆಮ್ಯಾಲೆ ಈ ಹುಡುಗಿ ಕೈ ಹಿಡಕಂಡು ಹಂಪಿ ಬಜಾರದಾಗ ಕೂಸಿನಂಗ ನಡದಾಂವನೂ ನಾನು. ಈಕಿ ಬರದಿದ್ದೆಲ್ಲಾ ಖರೇ ಐತಿ. ಆ ಸಾಲು ತಗಿ ಅಂತ ನಾನೇ ಹೇಳಿದ್ದೆ, ತಗೀಲಿಲ್ಲ. ಈಕಿ ಇರದಿದ್ರ ಈ ಕುರ್ಚ್ಯಾಗ ಇವತ್ತು ಬ್ಯಾರೆಯವರು ಇರ್ತಿದ್ರು, ನಾನು ಹಿಂದಿನ ಗ್ವಾಡಿ ಮ್ಯಾಲೆ ಮಾಲಿ ಹಾಕ್ಕಂಡು ಇರ್ತಿದ್ದೆ."

ಪರೀಕ್ಷಕರು ಪೆನ್ನನ್ನು ಕೆಳಗಿಟ್ಟರು. "ಈಗ... ಈಗ ಎದೆ ಹೇಗಿದೆ ಸರ್?" ಎಂದರು.

"ಭಾಳ ಬಡಕೊಳ್ಳಾಕತ್ತೈತ್ರಿ," ಎಂದರು ಸಾಹೇಬರು. "ನೀವು ಈ ಹುಡುಗೀನ್ನ ಪಾಸ್ ಮಾಡೋತನಕ ಸಮಾಧಾನ ಆಗಾಂಗಿಲ್ಲ."

ಪರೀಕ್ಷಕರು ಅಂಕದ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅಧ್ಯಕ್ಷರ ಸಹಿಯ ಜಾಗದಲ್ಲಿ ಸಾಹೇಬರು ಸಹಿ ಮಾಡದೆ ನನಗೆ ದಾಟಿಸಿ, "ರೋಗಿ ಸಹಿ ಮಾಡಬಾರ್ದು ಮೇಡಂ, ನೀವು ಮಾಡ್ರಿ" ಎಂದರು.

ರೇಣುಕಾ ಈಗ ಸಂಡೂರಿನಲ್ಲಿದ್ದಾಳೆ. ಗಣಿ ಲಾರಿಯವರು, ಅಂಗಡಿಯವರು, ಮೇಷ್ಟ್ರುಗಳು ಎಂದು ಅವಳ ರೋಗಿಗಳಿಗೆ ಕೊರತೆಯಿಲ್ಲ. ಹೋದ ತಿಂಗಳು ಫೋನ್ ಮಾಡಿದ್ದಳು. ಹೊಸದಾಗಿ ತರಬೇತಿಗೆ ಬಂದ ಮಕ್ಕಳು ಪರದೆಯನ್ನು ನೋಡುತ್ತಾರೆ, ರೋಗಿಯ ಮುಖವನ್ನು ನೋಡುವುದಿಲ್ಲ ಎಂದು ಅವಳ ತಕರಾರು. ಆ ಮಕ್ಕಳು ನೀವೇ ಇರಬಹುದು. ಒಂದು ಸಲ ತಲೆ ಎತ್ತಿ ನೋಡಿ.

ಸಾಹೇಬರು ನನಗಿಂತ ಮೊದಲೇ ನಿವೃತ್ತರಾದರು. ಬೆಳಿಗ್ಗೆ ಕಾಲುವೆಯ ದಂಡೆಯ ಮೇಲೆ ನಡೆಯುತ್ತಾರೆ. ನಡೆಯುತ್ತಾರೆ ಎಂದೆನೇ? ಎದುರಿಗೆ ಬಂದವರನ್ನೆಲ್ಲ ನಿಲ್ಲಿಸಿಕೊಂಡು, ನಿಲ್ಲದೆ ನಡೆಯುವುದರ ಲಾಭಗಳನ್ನು ವಿವರಿಸುತ್ತಾರೆ. ಅವರ ಕೈಗೆ ಸಿಕ್ಕರೆ ಬಿಸಿಲೇರುವ ತನಕ ಬಿಡುಗಡೆಯಿಲ್ಲ. ಅದಕ್ಕೇ ನಾನು ಕಾಲುವೆಯ ಆಚೆ ದಂಡೆ ಹಿಡಿಯುತ್ತೇನೆ. ಆದರೂ ಅವರ ಕಣ್ಣು ತಪ್ಪುವುದಿಲ್ಲ. ನೀರಿನ ಮೇಲಿಂದ ಅವರ ದನಿ ಬರುತ್ತದೆ:

"ಮೇಡಂ, ನಡಿಯೋ ಹೊತ್ತಿನಾಗ ಕೈ ಬೀಸ್ರಿ! ಕೈ ಬೀಸ್ರಿ!"

ನಾನು ನಿಂತು, ಅವರ ಕಡೆಗೆ ತಿರುಗಿ, ಎರಡೂ ಕೈ ಬೀಸುತ್ತೇನೆ.